ಒಂದು ಬಲಕ್ಕೆ, ಒಂದು ಎಡಕ್ಕೆ

ಜನ ಗುಂಪುಗೂಡಿದ ಸುದ್ದಿ ಬರೆಯುವಾಗ ನನ್ನ ಕೈಗೆ ಮೊದಲು ಸಿಗುತ್ತಿದ್ದ ಪದ ‘ಕುರಿಗಳಂತೆ’. ಪ್ರಚಾರ ಸಭೆಗೆ ಟ್ರ್ಯಾಕ್ಟರ್ ಹತ್ತಿ ಬಂದವರು ಕುರಿಗಳಂತೆ ಬಂದರು, ಬಸ್ಸಿನಲ್ಲಿ ಕುರಿಗಳಂತೆ ತುಂಬಿಕೊಂಡರು, ಒಬ್ಬ ಚಪ್ಪಾಳೆ ತಟ್ಟಿದರೆ ಉಳಿದವರೂ ಕುರಿಗಳಂತೆ ತಟ್ಟಿದರು. ಮಹಾಲಿಂಗಪುರದಲ್ಲಿ ಕೂತು ಸುತ್ತಲಿನ ತಾಲ್ಲೂಕುಗಳ ಸುದ್ದಿಯನ್ನು ಪತ್ರಿಕೆಗೆ ಕಳಿಸುವ ನಾನು, ಎರಡೂ ಕಡೆಯವರನ್ನು ಮಾತನಾಡಿಸದೆ ಒಂದು ಸಾಲನ್ನೂ ಬರೆಯುವುದಿಲ್ಲ ಎಂದು ಹೆಮ್ಮೆಪಡುವವನು. ಕುರಿಗಳ ಕಡೆಯ ಹೇಳಿಕೆಯನ್ನು ಮಾತ್ರ ಎಂದೂ ಪಡೆದಿರಲಿಲ್ಲ.

ಆ ಅವಕಾಶ ಒದಗಿದ್ದು ಬೀಳಗಿ ತಾಲ್ಲೂಕಿನ ಅನಗವಾಡಿಯಲ್ಲಿ, ಕಳೆದ ವರ್ಷ. ಸಿದ್ದಪ್ಪ, ಮಾಳಪ್ಪ ಎಂಬ ಅಣ್ಣತಮ್ಮಂದಿರು ಬೇರೆಯಾಗುತ್ತಿದ್ದರು. ಮನೆ, ಹೊಲ ಆಗಲೇ ಹಂಚಿಯಾಗಿತ್ತು, ಉಳಿದದ್ದು ಕುರಿ. ವಕೀಲರಿಲ್ಲದೆ ಪಾಲು ಮಾಡುತ್ತೇವೆ, ಬಂದು ಫೋಟೊ ಹಿಡಿಯಿರಿ ಎಂದು ಊರ ಹಿರಿಯರು ನನ್ನನ್ನು ಕರೆದಿದ್ದರು. ಬೀರೇಶ್ವರನ ಗುಡಿಯ ಮುಂದೆ ಭಂಡಾರದ ಅರಿಶಿನಪುಡಿ ಹಾರಿಸಿ, ಮುಳ್ಳುಬೇಲಿಯಲ್ಲಿ ಒಂದು ಕುರಿ ತೂರುವಷ್ಟು ಸಂದು ಬಿಟ್ಟು, ಇಡೀ ಹಿಂಡನ್ನು ಅದರೊಳಗಿಂದ ಹಾಯಿಸಿದರು. ಮೊದಲು ಬಂದದ್ದು ಬಲಕ್ಕೆ, ಎರಡನೆಯದು ಎಡಕ್ಕೆ, ಮೂರನೆಯದು ಮತ್ತೆ ಬಲಕ್ಕೆ. ಬಲದವು ಅಣ್ಣನವು, ಬೆನ್ನಿಗೆ ಕೆಂಪು ಬಣ್ಣ; ಎಡದವು ತಮ್ಮನವು, ನೀಲಿ ಬಣ್ಣ. ಮನುಷ್ಯರು ಯಾರೂ ಆರಿಸಲಿಲ್ಲ, ದೇವರೇ ಹಂಚಿದ. ಇದಕ್ಕಿಂತ ನ್ಯಾಯವಾದ ಪಾಲು ಇರಲಾರದು ಎಂದು ನನಗೂ ಅನ್ನಿಸಿತು.

ತಾಯಿ ಲಕ್ಕವ್ವ ಒಬ್ಬಳು ಮಾತ್ರ ಬೇಲಿಯ ಆಚೆ ನಿಂತು ಕೂಗುತ್ತಿದ್ದಳು: “ಹಂಗ ಹಂಚಬ್ಯಾಡ್ರೋ ಯಪ್ಪಾ! ಅವ್ವ ಒಂದ್ ಕಡಿ, ಮಗಳ ಒಂದ್ ಕಡಿ ಆಕ್ಕಾವು. ಹಿರೇವ್ವನ ಬಳಗ ಒಡೀಬ್ಯಾಡ್ರಿ!”

ಹಿರೇವ್ವ ಎಂದರೆ ಹಿಂಡಿನ ಮುಂದೆ ನಡೆಯುವ ಮುದಿ ಹೆಣ್ಣುಕುರಿ.

“ಸುಮ್ನಿರ ಬೇ ಲಕ್ಕವ್ವ, ಕುರಿಗೇನ್ ಬಳಗ? ಲಗ್ನಪತ್ರಿಕಿ ಹಂಚ್ತಾವೇನ?” ಎಂದ ಒಬ್ಬ ಹಿರಿಯ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮರುದಿನ ‘ಕೋರ್ಟ್ ಮೆಟ್ಟಿಲು ಹತ್ತದ ಪಾಲು: ಮಾದರಿಯಾದ ಸಹೋದರರು’ ಎಂದು ಸುದ್ದಿ ಬಂತು. ಲಕ್ಕವ್ವನ ಮಾತು ನನ್ನ ಟಿಪ್ಪಣಿ ಪುಸ್ತಕದಲ್ಲಿತ್ತು, ಸುದ್ದಿಯಲ್ಲಿರಲಿಲ್ಲ. ಜಾಗ ಸಾಲಲಿಲ್ಲ ಎಂದು ಹೇಳಿಕೊಂಡೆ. ನಮ್ಮ ವೃತ್ತಿಯಲ್ಲಿ ಬೇಡವಾದ ಸತ್ಯಕ್ಕೆ ಯಾವಾಗಲೂ ಜಾಗ ಸಾಲುವುದಿಲ್ಲ.

ಬಲ್ಲವರು ಹೇಳುವುದೂ ಲಕ್ಕವ್ವ ಹೇಳಿದ್ದನ್ನೇ. ಹೆಣ್ಣುಕುರಿಗಳಲ್ಲಿ ಮಗಳು ತಾಯಿಯ ಬೆನ್ನು ಬಿಡುವುದು ಕಡಿಮೆಯಂತೆ. ಯಾರ ಪಕ್ಕದಲ್ಲಿ ಮೇಯಬೇಕು ಎಂಬುದನ್ನು ಪ್ರತಿಯೊಂದೂ ತಾನೇ ಆರಿಸಿಕೊಳ್ಳುತ್ತದಂತೆ. ಧೈರ್ಯದ್ದು ಬೇರೆ, ಪುಕ್ಕಲು ಬೇರೆ, ಗುಂಪಿನ ಅಂಚಿನಲ್ಲೇ ಇರುವುದು ಬೇರೆ. ಲಕ್ಕವ್ವನಿಗೆ ಇದನ್ನು ತಿಳಿಯಲು ಪುಸ್ತಕ ಬೇಕಿರಲಿಲ್ಲ. ಆಮೇಲೊಮ್ಮೆ ನನಗೆ ಬೆರಳು ಮಾಡಿ ತೋರಿಸಿದ್ದಳು: “ಇದು ಜಗಳಗಂಟಿ. ಇದು ಆಸಿಬುರಕಿ, ಬೇಲಿ ಕಂಡ್ರ ತಲಿ ಹಾಕ್ತೈತಿ. ಅಕಾ ಅದು, ಬೈದ್ರ ದಿನಾ ಪೂರ್ತಿ ಮಾರಿ ಹೊಳ್ಳಿಸಿ ನಿಂದರ್ತೈತಿ ನೋಡ್ರಿ.” ಪತ್ರಿಕಾ ಕಚೇರಿಯಲ್ಲಿ ಮೊದಲ ಎರಡರ ಪಕ್ಕ ಕೂತು ನಾನು ಕೆಲಸ ಮಾಡಿದ್ದೇನೆ. ಮೂರನೆಯದು ನಾನೇ.

ಬನಹಟ್ಟಿಯಲ್ಲಿ ಅಣ್ಣತಮ್ಮಂದಿರು ಮಗ್ಗಗಳನ್ನು ಹಂಚಿಕೊಂಡದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಒಂದು ಮಗ್ಗ ಇನ್ನೊಂದನ್ನು ಹುಡುಕಿಕೊಂಡು ಸಂಜೆ ಓಣಿ ದಾಟಿ ಹೋಯಿತೆಂದು ಯಾರೂ ದೂರಿಲ್ಲ. ಅನಗವಾಡಿಯಲ್ಲಿ ಆದದ್ದು ಅದು. ಹಿರೇವ್ವ ಎಡಕ್ಕೆ ಬಿದ್ದು ಮಾಳಪ್ಪನ ಪಾಲಾಗಿತ್ತು. ಅದರ ಹೆಣ್ಣುಮಕ್ಕಳು, ಮೊಮ್ಮಕ್ಕಳು ಬಹಳಷ್ಟು ಬಲಕ್ಕೆ ಬಿದ್ದು ಸಿದ್ದಪ್ಪನವಾಗಿದ್ದವು. ಎರಡೂ ಹಿಂಡು ಮೇಯುವುದು ಒಂದೇ ಹೊಳೆದಂಡೆಯಲ್ಲಿ. ಸಂಜೆ ಹಿರೇವ್ವ ಹೊರಟರೆ ಕೆಂಪು ಬೆನ್ನಿನವೂ ಹಿಂದೆ ಹೊರಡುತ್ತಿದ್ದವು. ಮಾಳಪ್ಪ ಬೆಳಗ್ಗೆ ಅವನ್ನು ಹೊಡೆದುಕೊಂಡು ಹೋಗಿ ಅಣ್ಣನಿಗೆ ಒಪ್ಪಿಸುತ್ತಿದ್ದ. ಸಂಜೆ ಅವು ಮತ್ತೆ ಬರುತ್ತಿದ್ದವು.

ಕೆಲವು ದಿನ ಸಿದ್ದಪ್ಪ ಸಹಿಸಿದ. ಆಮೇಲೆ ಪೊಲೀಸ್ ಠಾಣೆಗೆ ಹೋದ. ಕೈಯಾರೆ ಸಾಕಿದ ಕುರಿ ತನ್ನನ್ನು ಬಿಟ್ಟು ಹೋಯಿತು ಎಂದು ನಂಬುವುದಕ್ಕಿಂತ, ತಮ್ಮ ಕದ್ದ ಎಂದು ನಂಬುವುದು ಅವನಿಗೆ ಸುಲಭವಾಯಿತು. ಪೊಲೀಸರು ಬಂದು ನೋಡಿದಾಗ ನೀಲಿ ಕುರಿಗಳ ಹಟ್ಟಿಯಲ್ಲಿ ಕೆಂಪು ಬೆನ್ನುಗಳಿದ್ದವು. ಇನ್ನೇನು ಬೇಕು? ನಾನು ಠಾಣೆಗೆ ಫೋನ್ ಮಾಡಿ ಬರೆದೆ: ‘ಅಣ್ಣನ ಕುರಿ ಕದ್ದ ತಮ್ಮ: ದೂರು ದಾಖಲು’. ಕೊನೆಯ ಎರಡು ಪದಗಳು ನನ್ನನ್ನು ಕಾಯುತ್ತವೆ. ಓದುವವರು ಮೊದಲಿನವನ್ನಷ್ಟೇ ಓದುತ್ತಾರೆ.

ವಾರದೊಳಗೆ ಮಾಳಪ್ಪ ನನ್ನ ಮುಂದೆ ನಿಂತಿದ್ದ. ಪತ್ರಿಕೆಯ ತುಂಡನ್ನು ರುಮಾಲಿನ ಮಡಿಕೆಯಿಂದ ತೆಗೆದ.

“ಸಾಹೇಬ್ರ, ಇದನ್ನ ಮಂದಿ ಫೋನ್‌ನ್ಯಾಗ ಎಲ್ಲಾ ಕಡಿ ಕಳಸ್ಯಾರ್ರಿ. ಮುಧೋಳ ಕಡಿ ಯಾವ ರೈತನೂ ಹೊಲದಾಗ ಕುರಿ ನಿಂದರಸಾಕ ಬಿಡವಲ್ಲ. ಕಳ್ಳನ್ ಕುರಿ ಅಂತಾರ. ನಾ ಕಳ್ಳ ಅಲ್ಲ ಅಂತ ಒಂದ್ ಸಾಲ ಹಾಕ್ರಿ.”

ಅವನು ಕೇಳುತ್ತಿದ್ದುದು ಮಾನದ ಮಾತಷ್ಟೇ ಆಗಿರಲಿಲ್ಲ. ಕೊಯ್ಲಾದ ಹೊಲದಲ್ಲಿ ಕುರಿ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ, ಕುರಿಗೆ ಮೇವು, ಕುರಿಯವನಿಗೆ ಕಾಳು. ಯಾರೂ ಹೊಲಕ್ಕೆ ಬಿಟ್ಟುಕೊಳ್ಳದಿದ್ದರೆ ಬೇಸಗೆಯೊಳಗೆ ಅವನು ಹಿಂಡನ್ನೇ ಮಾರಿಬಿಡಬೇಕಾಗಿತ್ತು.

ಪೊಲೀಸರು ಹೇಳದೆ ಬರೆಯಲಾಗದು ಎಂದೆ.

“ನನ್ನ ಬಗ್ಗೆ ನಾ ಹೇಳಿದ್ರ ನಡಿಯೂದಿಲ್ಲೇನ್ರಿ?”

“ಇಲ್ಲಪ್ಪ.”

“ಕುರಿ ಹೇಳಿದ್ರ?”

ಹಾಗೆ ಕುರಿಗಳ ಸಾಕ್ಷಿ ನೋಡಲೆಂದು ಒಂದು ಬೆಳಗ್ಗೆ ಹೊಳೆದಂಡೆಯಲ್ಲಿ ಹವಾಲ್ದಾರರು, ಹಿರಿಯರು, ನಾನು ಸೇರಿದೆವು. ಎರಡು ಹಿಂಡನ್ನೂ ಬೆರೆಸಿ ಬಿಟ್ಟರು. ಸಿದ್ದಪ್ಪ ಒಂದು ಕಡೆ, ಮಾಳಪ್ಪ ಇನ್ನೊಂದು ಕಡೆ ಬಾಯಿ ಮುಚ್ಚಿಕೊಂಡು ನಿಂತರು. ಹಿರೇವ್ವ ತಲೆ ಎತ್ತಿ ಇಬ್ಬರನ್ನೂ ನೋಡಿ, ಯಾರ ಕಡೆಗೂ ಹೋಗದೆ ನೀರಿನತ್ತ ನಡೆಯಿತು. ಅದರ ಹಿಂದೆ ಕೆಂಪು, ನೀಲಿ, ಕೆಂಪು, ಕೆಂಪು. ಇನ್ನೊಂದು ಕೆಂಪು ಕುರಿ ಜಾಲಿಯ ನೆರಳಿಗೆ ಹೋದರೆ ನಾಲ್ಕೈದು ನೀಲಿಯವು ಅದರ ಬೆನ್ನು ಹತ್ತಿದವು. ಸ್ವಲ್ಪ ಹೊತ್ತಿನಲ್ಲಿ ದಂಡೆಯ ಮೇಲೆ ಹಳೆಯ ಹಿಂಡು, ಹಳೆಯ ಗುಂಪುಗಳಾಗಿ ಮೇಯುತ್ತಿತ್ತು.

ಹವಾಲ್ದಾರರಿಗೆ ನಗು ತಡೆಯಲಾಗಲಿಲ್ಲ. “ನೋಡ್ರಲೇ, ನಿಮ್ಮಿಬ್ಬರನ್ನೂ ಯಾರೂ ಕೇಳವಲ್ರು!”

“ಹಂಗಂತ ಬರಕೊಳ್ರಿ ಸಾಹೇಬ್ರ,” ಎಂದ ಮಾಳಪ್ಪ.

“ಏನಂತ ಬರಕೊಳ್ಳೂದೋ? ಕುರಿ ಹೆಬ್ಬಟ್ಟ ಒತ್ತತೈತೇನ?”

ಬಳಗ ನೋಡಿ ಕುರಿಗಳನ್ನು ಅದಲುಬದಲು ಮಾಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಲಕ್ಕವ್ವ ಅದನ್ನೇ ಬೇಡಿಕೊಂಡಳು. ಹಿರಿಯರು ಒಪ್ಪಲಿಲ್ಲ. ಬೀರೇಶ್ವರನ ಎದುರು ಆದ ಪಾಲನ್ನು ತಿರುವಿ ಹಾಕಿದರೆ ದೇವರು ತಪ್ಪಿದ ಎಂದಂತೆ. ದೇವರು ತಪ್ಪುವುದಕ್ಕಿಂತ ಮಾಳಪ್ಪ ಊರು ಬಿಡುವುದು ಎಲ್ಲರಿಗೂ ಹಗುರವಾಗಿ ಕಂಡಿತು. ಸಿದ್ದಪ್ಪ ದೂರು ಹಿಂದೆ ಪಡೆದ. ಮಾಳಪ್ಪ ತನ್ನ ಹಿಂಡನ್ನು ದೂರದ ಲೋಕಾಪುರದ ಕಡೆ ಹೊಡೆದುಕೊಂಡು ಹೋಗಬೇಕೆಂದು ತೀರ್ಮಾನವಾಯಿತು.

ನಾನು ಬರೆದೆ: ‘ಕುರಿ ಕಳವು ಪ್ರಕರಣ ರಾಜಿಯಲ್ಲಿ ಇತ್ಯರ್ಥ’. ಹೊಳೆದಂಡೆಯಲ್ಲಿ ಕಂಡದ್ದನ್ನೂ ಒಂದು ಪ್ಯಾರಾ ಬರೆದಿದ್ದೆ. ಇದನ್ನು ಹೇಳಿದವರು ಯಾರು ಎಂದು ಡೆಸ್ಕಿನವರು ಕೇಳಿದರೆ ಏನು ಹೇಳಲಿ ಎಂದುಕೊಂಡು ನಾನೇ ತೆಗೆದುಹಾಕಿದೆ. ಅವರು ಕೇಳುತ್ತಿರಲಿಲ್ಲವೇನೋ. ಕೇಳುವವರೆಗೆ ಕಾಯುವ ಧೈರ್ಯ ನನಗಿರಲಿಲ್ಲ.

ಮಾಳಪ್ಪ ಫೋನ್ ಮಾಡಿದ. ಸಿಟ್ಟಿರಲಿಲ್ಲ. “ರಾಜಿ ಅಂದ್ರ, ಕದ್ದಿದ್ದ, ಹೋಗ್ಲಿ ಅಂತ ಬಿಟ್ರು ಅಂದಂಗ ಆತಲ್ರಿ.”

ಹೋದ ತಿಂಗಳು ಲೋಕಾಪುರದ ದಾರಿಯಲ್ಲಿ ಅವನು ಸಿಕ್ಕ. ಜೋಳ ಕೊಯ್ದ ಹೊಲವೊಂದರ ಬದುವಿನ ಬಳಿ ಹಿಂಡು ನಿಂತಿತ್ತು. ಹೊಲದ ಯಜಮಾನ ದಾರಿಗೆ ಅಡ್ಡ ನಿಂತಿದ್ದ. ನಾನು ಬೈಕ್ ನಿಲ್ಲಿಸಿ, ಒಳ್ಳೆಯ ಕೆಲಸ ಮಾಡುವ ಉತ್ಸಾಹದಲ್ಲಿ, ಈತ ಕಳ್ಳನಲ್ಲ, ನಾನು ಕಣ್ಣಾರೆ ಕಂಡಿದ್ದೇನೆ ಎಂದು ಹೇಳಿದೆ.

“ನೀವ್ಯಾರ್ರಿ?”

ಹೇಳಿದೆ. ಆ ಕಳವಿನ ಸುದ್ದಿ ಬರೆದವನೂ ನಾನೇ ಎಂದೆ.

ಯಜಮಾನ ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಪೇಪರ್‌ನ್ಯಾಗ ಒಂದ್ ಬರೀತೀರಿ, ದಾರ್ಯಾಗ ನಿಂತು ಒಂದ್ ಹೇಳ್ತೀರಿ. ಬರದದ್ದ ಖರೆ ಇರಬೇಕ್ರಿ. ಅದಕ್ಕ ನಿಮಗ ಪಗಾರ ಕೊಡ್ತಾರಲ್ಲ.”

ಮಾಳಪ್ಪ ನನ್ನ ಕಡೆ ನೋಡದೆ ಬಾಯಲ್ಲಿ ಸಣ್ಣದೊಂದು ಸದ್ದು ಮಾಡಿ ಹಿಂಡನ್ನು ಮುಂದಿನ ಹೊಲದತ್ತ ತಿರುಗಿಸಿದ. ಕುರಿಗಳು ನನ್ನ ಬೈಕನ್ನು ಸುತ್ತಿಕೊಂಡು ಮುಂದೆ ಹೋದವು. ಅವನ ಬಗ್ಗೆ ಅಚ್ಚಾದದ್ದೇನು ಎಂದು ವಿಚಾರಿಸದೆ ಅವನ ಹಿಂದೆ ಹೋಗುವವರೆಂದರೆ ಆ ರಸ್ತೆಯಲ್ಲಿ ಆ ಕುರಿಗಳಷ್ಟೇ.