ನಾನು ತೊಳೆಯದ ಹುಣ್ಣು

ವಿದ್ಯಾರಣ್ಯಪುರಂನ ಒಂದು ಚಿಕ್ಕ ಚರ್ಚಿನಲ್ಲಿ ನಾನು ಸಭಾಪಾಲಕ. ಈ ಕೆಲಸಕ್ಕೆ ಬಂದು ಹತ್ತೊಂಬತ್ತು ವರ್ಷವಾಯಿತು. ಭಾನುವಾರ ನಾನು ಪ್ರಸಂಗ ಮಾಡಿದರೆ ಒಂದಿಬ್ಬರಾದರೂ ಕಣ್ಣೊರೆಸಿಕೊಳ್ಳುತ್ತಾರೆ. ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಕೈ ಹಿಡಿದು, "ಇವತ್ತು ನನಗೇ ಹೇಳಿದ ಹಾಗಿತ್ತು ಅಯ್ಯನವರೇ" ಅನ್ನುತ್ತಾರೆ. ಆ ಒಂದು ಮಾತಿಗಾಗಿ ನಾನು ವಾರವಿಡೀ ಕಾಯುತ್ತಿದ್ದೆ. ಉಳಿದ ದಿನಗಳ ಕೆಲಸವೆಲ್ಲ, ರೋಗಿಗಳನ್ನು ನೋಡಿ ಬರುವುದು, ಮುನಿಸಿಕೊಂಡ ಗಂಡಹೆಂಡಿರ ನಡುವೆ ಕೂರುವುದು, ಸಾವಿನ ಮನೆಗೆ ಹೋಗುವುದು, ಯಾವತ್ತೋ ಬೇಸರ ಹಿಡಿಸಿಬಿಟ್ಟಿತ್ತು. ಇದನ್ನು ಹೆಂಡತಿಯ ಹತ್ತಿರವೂ ಹೇಳಿರಲಿಲ್ಲ.

ಪ್ರಸಂಗದಲ್ಲಿ ಹೇಳುವ ಘಟನೆಗಳಿಗೆ ಸ್ವಲ್ಪ ಒಗ್ಗರಣೆ ಹಾಕುವ ಚಟ ಆ ಬೇಸರದಲ್ಲೇ ಅಂಟಿಕೊಂಡಿತು. ಒಂದು ವಾರದ ಜ್ವರವನ್ನು ಒಂದು ತಿಂಗಳದ್ದು ಮಾಡುತ್ತಿದ್ದೆ. ಬೇರೆ ಯಾರೋ ಹೇಳಿದ ಒಳ್ಳೆಯ ಮಾತನ್ನು ನಾನೇ ಹೇಳಿದೆ ಅನ್ನುತ್ತಿದ್ದೆ. ಯಾರಿಗೂ ಅದರಿಂದ ನಷ್ಟವಿಲ್ಲ ಅಂದುಕೊಂಡಿದ್ದೆ.

ಎರಡು ವರ್ಷದ ಹಿಂದೆ ಇಲವಾಲದ ಹತ್ತಿರ, ಚರ್ಚಿನ ಸೇವೆಗೆ ಹೊರಡುವ ಯುವಕ ಯುವತಿಯರಿಗೆ ಒಂದು ವಾರದ ತರಬೇತಿ ನಡೆಯಿತು. ಮೊದಲ ದಿನ ನಾನು ಮಾತಾಡಬೇಕಿತ್ತು. ನನಗೆ ಕೊಟ್ಟ ವಿಷಯ 'ಸೇವೆಯಲ್ಲಿ ಆನಂದ'. ಹಿಂದಿನ ದಿನವೆಲ್ಲ ಕೂತು ಯೋಚಿಸಿದೆ. ನನಗೆ ಆನಂದ ಕೊಟ್ಟ ಒಂದು ದಿನವೂ ನೆನಪಿಗೆ ಬರಲಿಲ್ಲ. ಬಂದದ್ದು ಶ್ರೀರಾಂಪುರದ ಒಂದು ಮನೆ.

ಆ ಮನೆಯಲ್ಲಿ ನಮ್ಮ ಸಭೆಯ ಒಬ್ಬ ಮುದುಕರಿದ್ದರು. ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದವರು. ಲಕ್ವ ಹೊಡೆದು ಮಲಗಿ ವರ್ಷವಾಗಿ, ಬೆನ್ನಿನ ಮೇಲೆ ಹುಣ್ಣಾಗಿತ್ತು. ಮಗಳು ಬೆಳಿಗ್ಗೆಯೇ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಳು. ಹಾಗಾಗಿ ನಮ್ಮ ಚರ್ಚನ್ನು ಗುಡಿಸಿ ಒರೆಸುವ ಹೆಂಗಸು ಪ್ರತಿದಿನ ಹೋಗಿ, ಅವರನ್ನು ಮಗ್ಗುಲಿಗೆ ಹೊರಳಿಸಿ, ಹುಣ್ಣು ತೊಳೆದು, ಮುಲಾಮು ಹಚ್ಚಿ ಬರುತ್ತಿದ್ದರು. ಹೋಗಿ ಅಂತ ಯಾರೂ ಅವರಿಗೆ ಹೇಳಿರಲಿಲ್ಲ. ನಾನು ಒಂದು ಸಲ ಹೋಗಿದ್ದೆ. ಕೋಣೆಯ ಬಾಗಿಲಿಗೆ ಹೋಗುತ್ತಿದ್ದ ಹಾಗೆ ವಾಸನೆ ಬಡಿಯಿತು. ಕರ್ಚೀಫನ್ನು ಮೂಗಿಗೆ ಒತ್ತಿಕೊಂಡು ಹೊಸ್ತಿಲಲ್ಲೇ ನಿಂತು ಎರಡು ಮಾತು ಪ್ರಾರ್ಥಿಸಿದೆ. "ಮೀಟಿಂಗಿದೆ, ಇನ್ನೊಂದಿನ ಬರ್ತೀನಿ" ಅಂದು ಹೊರಟೆ. ಮೀಟಿಂಗು ಇರಲಿಲ್ಲ. ಇನ್ನೊಂದಿನ ಹೋಗಲೂ ಇಲ್ಲ.

ತರಬೇತಿಯ ಸಭೆಯಲ್ಲಿ ಇದೇ ಕಥೆಯನ್ನು ಹೇಳಿದೆ. ಒಂದೇ ಒಂದು ಬದಲಾವಣೆ: ಹುಣ್ಣು ತೊಳೆದವನು ನಾನಾದೆ. ಉಗುರುಬೆಚ್ಚನೆಯ ನೀರು, ಹತ್ತಿ, ಮುದುಕರ ನಿಟ್ಟುಸಿರು, ಎಲ್ಲವನ್ನೂ ಹೇಳಿದೆ. "ಆ ಗಳಿಗೆಯಲ್ಲಿ ನನ್ನ ಮನಸ್ಸಿನಲ್ಲಿ ಉಕ್ಕಿದ ಆನಂದ ಇನ್ಯಾವ ಕೆಲಸದಲ್ಲೂ ಸಿಕ್ಕಿಲ್ಲ" ಅಂದೆ. ಮುಂದಿನ ಸಾಲಿನ ಒಬ್ಬ ಹುಡುಗಿ ದುಪಟ್ಟಾದಿಂದ ಕಣ್ಣೊರೆಸಿಕೊಂಡಳು. ನನಗೆ ಹುರುಪು ಬಂತು. ದನಿ ಏರಿಸಿ, ತಲೆಯೆತ್ತಿ ಹಿಂದಿನ ಸಾಲುಗಳ ಕಡೆ ನೋಡಿದೆ.

ಬಾಗಿಲ ಹತ್ತಿರ ಟೀ ಲೋಟಗಳ ತಟ್ಟೆ ಹಿಡಿದು ಚರ್ಚು ಗುಡಿಸುವ ಆ ಹೆಂಗಸು ನಿಂತಿದ್ದರು. ನಮ್ಮ ಸಭೆಯಿಂದ ಅಡುಗೆಗೆಂದು ಬಂದವರಲ್ಲಿ ಅವರೂ ಇದ್ದದ್ದು ನನಗೆ ಗೊತ್ತಿರಲಿಲ್ಲ.

ಮುಂದೆ ಏನು ಮಾತಾಡಿದೆನೋ ನೆನಪಿಲ್ಲ. ಮುಗಿದ ಮೇಲೆ ಎಲ್ಲರಿಗೂ ಕೊಟ್ಟಂತೆ ನನಗೂ ಟೀ ಕೊಟ್ಟರು. ವಾಪಸು ಬರುವಾಗ ಒಂದೇ ವ್ಯಾನಿನಲ್ಲಿ ಕೂತೆವು. ಅವರು ಈಗ ಅಂದಾರು, ಇನ್ನೊಂದು ಗಳಿಗೆಗೆ ಅಂದಾರು ಅಂತ ದಾರಿಯುದ್ದಕ್ಕೂ ಕಾದೆ. ಇಳಿಯುವಾಗ ಒಂದು ಡಬ್ಬಿ ಕೈಗಿಟ್ಟರು. "ಚಿತ್ರಾನ್ನ ಮಿಕ್ಕಿತ್ತು, ಅಮ್ಮಾರಿಗೆ ಕೊಡಿ" ಅಂದರು, ಅಷ್ಟೇ.

ಮೂರು ದಿನ ಅವರ ಕಣ್ಣಿಗೆ ಬೀಳದ ಹಾಗೆ ಓಡಾಡಿದೆ. ಗುರುವಾರ ತಡೆಯಲಾಗಲಿಲ್ಲ. ಅವರು ಚರ್ಚಿನ ಬೆಂಚುಗಳನ್ನು ಒರೆಸುತ್ತಿದ್ದಾಗ ಹೋಗಿ ಎದುರು ನಿಂತೆ.

"ಅಮ್ಮಾ, ಅವತ್ತು ನಾನು ಹೇಳಿದ್ದು ಸುಳ್ಳು."

"ಗೊತ್ತು ಕಣಯ್ನೋರೆ. ಅಲ್ಲೇ ನಿಂತಿದ್ನಲ್ಲ."

"ಮತ್ತೆ ಯಾಕೆ ಏನೂ ಕೇಳ್ಲಿಲ್ಲ?"

"ಏನಂತ ಕೇಳಾನ? ಅಷ್ಟು ಮಕ್ಕಳ ಮುಂದೆ ನಿಮ್ಮ ಮಾನ ತೆಗೆಯಾನ?" ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿದರು. "ನನ್ನ ಕೆಲ್ಸ ನಿಮ್ದು ಅಂದ್ರಲ್ಲ, ಅದು ಓಗ್ಲಿ ಬುಡಿ. ಇನ್ನೊಂದು ಅಂದ್ರಿ ನೋಡಿ, ಉಣ್ಣು ತೊಳೆಯುವಾಗ ಆನಂದ ಆಯ್ತು ಅಂತ. ನಂಗೆ ಒಂದಿನಾನೂ ಅಂಗಾಗಿಲ್ಲ. ಒಟ್ಟೆ ತೊಳಸ್ತದೆ. ವಾಂತಿ ಬರದಂಗೆ ಬಾಯೊಳಗೇ ಕೀರ್ತನೆ ಏಳ್ಕಂಡು ಮುಗಿಸ್ತೀನಿ. ನೀವು ಏಳಿದ್ದು ಕೇಳಿ, ನನ್ನ ಬಕುತಿಲೇ ಏನೋ ಕಮ್ಮಿ ಅದೆ ಅಂದ್ಕಂಡ್ಬುಟ್ಟೆ. ಮನೆಗೋಗಿ ಮಂಡಿಯೂರಿ ಕ್ಷಮಿಸು ಸ್ವಾಮಿ ಅಂತ ಕೇಳ್ಕಂಡೆ."

ನನ್ನ ಸುಳ್ಳನ್ನು ಅವರು ಬಯ್ದಿದ್ದರೆ ಹೇಗೋ ಸಹಿಸುತ್ತಿದ್ದೆ. ನಾನು ಮಾಡಬೇಕಾದ ಕೆಲಸವನ್ನು ಮಾಡುತ್ತಿದ್ದವರು, ನನ್ನ ಬಾಯಿಂದ ಬಂದ ಇಲ್ಲದ ಆನಂದಕ್ಕಾಗಿ ದೇವರ ಹತ್ತಿರ ಕ್ಷಮೆ ಕೇಳಿದ್ದರು. ನಾನು ಅಲ್ಲೇ ಒದ್ದೆ ಬೆಂಚಿನ ಮೇಲೆ ಕುಸಿದು ಕೂತೆ.

"ಏಳಿ, ಪಂಚೆ ನೆಂದೋಯ್ತದೆ" ಅಂದರು. ಆಮೇಲೆ, "ನಾಳೆ ಬನ್ನಿ. ಒಬ್ಳೇ ಒರಳಿಸಾಕೆ ಕಷ್ಟ ಆಯ್ತದೆ. ನೀವು ಇಡ್ಕಳಿ, ನಾನು ತೊಳೀತೀನಿ."

ಶುಕ್ರವಾರ ಹೋದೆ. ಮುದುಕರ ಭುಜ ಹಿಡಿದು ನನ್ನ ಕಡೆಗೆ ಹೊರಳಿಸಿಕೊಂಡೆ. ಅವರ ಮುಖ ನನ್ನ ಹೊಟ್ಟೆಗೆ ಒತ್ತಿಕೊಂಡಿತು. ಹುಣ್ಣು ನನ್ನ ಅಂಗೈಯಷ್ಟಿತ್ತು. ಅರ್ಧಕ್ಕೇ ಕೈ ಬಿಟ್ಟು ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡೆ. ಬಾಯಿ ತೊಳೆದು ಒಳಗೆ ಬಂದಾಗ ಇಬ್ಬರೂ ಕಾಯುತ್ತಿದ್ದರು. ಮುದುಕರು ತೊದಲುತ್ತಾ ಏನೋ ಅಂದರು. ನನಗೆ ತಿಳಿಯಲಿಲ್ಲ. ಆಕೆ ಬಿಡಿಸಿ ಹೇಳಿದರು: "ಮೀಟಿಂಗಿಲ್ವಾ ಅಂತ ಕೇಳ್ತಾವ್ರೆ."

"ಇಲ್ಲ" ಅಂದೆ. "ಅವತ್ತೂ ಇರಲಿಲ್ಲ." ಮುದುಕರು ಕಣ್ಣು ಮುಚ್ಚಿಕೊಂಡರು.

ತರಬೇತಿ ನಡೆಸುತ್ತಿದ್ದ ಹಿರಿಯರಿಗೆ ಫೋನು ಮಾಡಿ, ಇನ್ನೊಮ್ಮೆ ಬಂದು ಮಾತಾಡಬೇಕು ಅಂದೆ, ಕಾರಣವನ್ನೂ ಹೇಳಿದೆ. "ಬಿಡಿ ಪಾಸ್ಟ್ರೇ, ಮಕ್ಕಳಿಗೆ ವಿಷಯ ಮುಟ್ಟಿತಲ್ಲ, ಸಾಕು" ಅಂದರು. ಆ ಮಾತಿಗೆ ಒಂದು ಕ್ಷಣ ಸಮಾಧಾನವಾದದ್ದನ್ನು ಬರೆಯಲೂ ನಾಚಿಕೆಯಾಗುತ್ತದೆ. ಆದರೂ ಹಟ ಮಾಡಿ ಶನಿವಾರಕ್ಕೆ ಒಪ್ಪಿಸಿದೆ. ಆ ಹೆಂಗಸನ್ನು, "ನೀವೂ ಬಂದು ನಾಲ್ಕು ಮಾತಾಡಿ" ಎಂದು ಕರೆದೆ. "ಅಡ್ಗೆ ಮಾಡಾಕೆ ಕರೀರಿ, ಬತ್ತೀನಿ. ಮಾತಾಡಾಕೆ ಒಲ್ಲೆ" ಅಂದರು.

ಶನಿವಾರ ಎದ್ದು ನಿಂತು ನಡೆದದ್ದನ್ನು ಹೇಳಿದೆ. ಕರ್ಚೀಫಿನಿಂದ ಹಿಡಿದು ಹಿತ್ತಲಿನವರೆಗೆ. ಯಾರೂ ಅಳಲಿಲ್ಲ. ಅವತ್ತು ಕಣ್ಣೊರೆಸಿಕೊಂಡಿದ್ದ ಹುಡುಗಿಯೇ ಎದ್ದು ಕೇಳಿದಳು: "ಹಾಗಾದ್ರೆ ಪ್ರಸಂಗಗಳಲ್ಲಿ ನಿಮಗೇ ಆಯ್ತು ಅಂತ ಹೇಳಿದ ಬೇರೆ ಸಾಕ್ಷಿಗಳು ಅಯ್ಯನವರೇ? ಅವು ನಿಜಾನಾ?"

"ಕೆಲವು ನಿಜ, ಕೆಲವು ಅಲ್ಲ" ಅಂದೆ. ಅವಳು ಕೂತಳು. ಮುಗಿದ ಮೇಲೆ ನನ್ನ ಕೈ ಹಿಡಿಯಲು ಯಾರೂ ಬಾಗಿಲಿಗೆ ಬರಲಿಲ್ಲ.

ಅಲ್ಲಿಂದ ಮುಂದೆ ವಾರಕ್ಕೆ ಎರಡು ದಿನ ಶ್ರೀರಾಂಪುರಕ್ಕೆ ಹೋಗತೊಡಗಿದೆ. ವಾಸನೆ ಅಭ್ಯಾಸವಾಗಲು ಒಂದು ತಿಂಗಳು ಹಿಡಿಯಿತು. ಪೂರ್ತಿ ಅಭ್ಯಾಸವಾಯಿತು ಅಂದರೆ ಅದೂ ಸುಳ್ಳಾದೀತು. ಹುಣ್ಣು ತೊಳೆಯುವುದನ್ನು ಆಕೆಯೇ ಕಲಿಸಿಕೊಟ್ಟರು. ಒಂದು ದಿನ ನಾನು ಮುದುಕರಿಗೆ ಗಡ್ಡ ಹೆರೆದೆ. ಅವರು ಸ್ವಾಧೀನವಿದ್ದ ಒಂದು ಕೈಯಿಂದ ಕೆನ್ನೆ ಸವರಿಕೊಂಡು ಕನ್ನಡಿ ಕೇಳಿದರು. "ಮದ್ವೆ ಗಂಡು ಆಗ್ಬುಟ್ರಲ್ಲ!" ಅಂದರು ಆಕೆ. ಮೂವರೂ ನಕ್ಕೆವು. ಅವತ್ತು ಸ್ಕೂಟರಿನಲ್ಲಿ ಮನೆಗೆ ಬರುವಾಗ, ಬೆಳಗಿನಿಂದ ಪ್ರಸಂಗದ ಯೋಚನೆಯೇ ಬಂದಿಲ್ಲವಲ್ಲ ಅಂತ ಹೊಳೆಯಿತು. ಮನಸ್ಸು ಹಗುರವಾಗಿತ್ತು. ಆನಂದವೆಂದರೆ ಇದೇನಾ ಅಂತ ನನಗೆ ನಾನೇ ಕೇಳಿಕೊಳ್ಳಲೂ ಹೆದರಿದೆ. ಆ ಮಾತನ್ನು ನಾನು ಆಗಲೇ ಒಂದು ಸಲ ಕೆಡಿಸಿದ್ದೆ.

ಹೋದ ವರ್ಷ ಮುದುಕರು ತೀರಿಕೊಂಡರು. ಗಡ್ಡ ಹೆರೆದದ್ದನ್ನು ನಾನು ಇದುವರೆಗೂ ಪ್ರಸಂಗದಲ್ಲಿ ಹೇಳಿಲ್ಲ. ಮೊದಲ ದಿನದ ನನ್ನ ಮಾತನ್ನು ಮಾತ್ರ ಯಾರೋ ಫೋನಿನಲ್ಲಿ ಹಿಡಿದಿಟ್ಟಿದ್ದರು. ಅದು ವಾಟ್ಸಾಪಿನಲ್ಲಿ ಇನ್ನೂ ಓಡಾಡುತ್ತಿದೆ. ಶನಿವಾರದ್ದನ್ನು ಯಾರೂ ಹಿಡಿದಿಡಲಿಲ್ಲ. ಎಲ್ಲೆಲ್ಲಿಂದಲೋ ಗುರುತಿಲ್ಲದವರು ಕರೆ ಮಾಡಿ, "ಅಯ್ಯನವರೇ, ನಿಮ್ಮ ಸಾಕ್ಷಿ ಕೇಳಿ ತುಂಬ ಆಶೀರ್ವಾದವಾಯಿತು" ಅನ್ನುತ್ತಾರೆ. ಪ್ರತಿ ಸಲವೂ ನಾನು ಮೊದಲಿನಿಂದ ಹೇಳಬೇಕು: ಅದು ನಾನಲ್ಲ, ನಮ್ಮ ಚರ್ಚು ಗುಡಿಸುವ ಒಬ್ಬ ತಾಯಿ. ಕೆಲವರು ವಿನಯಕ್ಕೆ ಹೀಗನ್ನುತ್ತಿದ್ದೇನೆ ಅಂದುಕೊಂಡು ಇನ್ನಷ್ಟು ಹೊಗಳುತ್ತಾರೆ. ಆಗ ಹೊಸ್ತಿಲಲ್ಲಿ ಹೇಗೆ ನಿಂತಿದ್ದೆ ಅನ್ನುವುದನ್ನೂ ಹೇಳುತ್ತೇನೆ.