ಯೋನಪ್ಪನ ಏಕವಚನ

ಏಕನಾಥ ಮಾಸ್ತರರಿಗೆ ಯೋನಪ್ಪನ ಪರಿಚಯವಾದದ್ದು ಒಂದು ವ್ಯಾಕರಣದೋಷದ ನೆವದಿಂದ. ೧೯೨೬ನೆಯ ಇಸವಿಯ ಶ್ರಾವಣ. ಧಾರವಾಡದ ಸಾಲೆಯ ಬಾಗಿಲಲ್ಲಿ, ಮಧ್ಯಾಹ್ನದ ಬಿಡುವಿನ ಹೊತ್ತಿಗೆ, ಐವತ್ತರ ಆಸುಪಾಸಿನ ಒಬ್ಬ ಮನುಷ್ಯ ತಲೆಯ ಮೇಲಿನ ತಗಡಿನ ಪೆಟ್ಟಿಗೆಯನ್ನು ಇಳಿಸುತ್ತಿದ್ದ. ಕೊರಳವರೆಗೆ ಗುಂಡಿ ಹಾಕಿದ ಕೋಟು, ಮೊಣಕಾಲವರೆಗೆ ಕೆಸರು, ಕಿವಿಗೆ ಸಿಕ್ಕಿಸಿದ ಕೆಂಪು ಪೆನ್ಸಿಲು. ಹುಬ್ಬಳ್ಳಿಯ ಕ್ರೈಸ್ತರ ಓಣಿಯವನು; ತಮ್ಮ ಧರ್ಮದ ಪುಸ್ತಕಗಳನ್ನು ಊರೂರು ಹೊತ್ತು ಮಾರುವುದು ಅವನ ಕೆಲಸ. ಮಾಸ್ತರರು ಒಂದು ಸಣ್ಣ ಪುಸ್ತಕವನ್ನು ತೆರೆದರು. ಮೊದಲ ಸಾಲಿಗೇ ಅವರ ಹುಬ್ಬು ಗಂಟಾಯಿತು.

“ಇದೇನಪಾ, ‘ದೇವರು ಮಳೆಯನ್ನು ಕೊಟ್ಟನು’! ದೇವರು ಅಂದಮ್ಯಾಲೆ ಕೊಟ್ಟರು ಅನಬೇಕು. ಕರ್ತೃಪದ ಬಹುವಚನ, ಕ್ರಿಯಾಪದ ಏಕವಚನ. ನನ್ನ ಸಾಲ್ಯಾಗ ಹಿಂಗ ಬರದಿದ್ರ ಬೆಂಚಿನ ಮ್ಯಾಲೆ ನಿಲ್ಲಸ್ತಿದ್ದೆ.”

ಯೋನಪ್ಪ ಬೆವರು ಒರೆಸಿಕೊಂಡು, “ದೇವರು ಎಷ್ಟು ಮಂದಿ ಅದಾರ್ರಿ, ಮಾಸ್ತರ?” ಎಂದ.

“ಅದು ಗೌರವಾರ್ಥ ಬಹುವಚನೋ!”

“ಗೌರವ ಮನಸ್ಸಿನ್ಯಾಗ ಐತ್ರಿ. ಎಣಿಕಿ ಮಾತ್ರ ಒಂದ ಇರಬೇಕು.”

ಮಾಸ್ತರರಿಗೆ ಸಿಟ್ಟು ಬರಬೇಕಾಗಿತ್ತು, ಬಂದದ್ದು ಕುತೂಹಲ. ತಪ್ಪನ್ನು ತೋರಿಸಿಕೊಟ್ಟ ಮೇಲೂ ಅದನ್ನು ಇಷ್ಟು ಸಮಾಧಾನದಿಂದ ಹಿಡಿದುಕೊಂಡ ಮನುಷ್ಯನನ್ನು ಅವರು ಅದುವರೆಗೆ ಕಂಡಿರಲಿಲ್ಲ. ಪುಸ್ತಕವನ್ನು ಕೊಳ್ಳಲಿಲ್ಲ, ಆದರೆ ಮನೆಗೆ ಕರೆದರು.

ಅಂದಿನಿಂದ ತಿಂಗಳಿಗೊಮ್ಮೆ ಮಾಳಮಡ್ಡಿಯ ಅವರ ಮನೆಯ ಕಟ್ಟೆಯ ಮೇಲೆ ಆ ಪೆಟ್ಟಿಗೆ ಇಳಿಯತೊಡಗಿತು. ಯೋನಪ್ಪನ ಮತಗಳೂ ಅವನ ಕೋಟಿನಂತೆಯೇ ಕೊರಳವರೆಗೆ ಗುಂಡಿ ಹಾಕಿಕೊಂಡಿದ್ದವು. ನಾಟಕ ಕೂಡದು, ಹುಬ್ಬಳ್ಳಿಗೆ ಕಂಪನಿ ಬಂದರೆ ಅವನು ಆ ಬೀದಿಯನ್ನೇ ಬಿಟ್ಟು ಸುತ್ತುಹಾಕಿ ನಡೆಯುತ್ತಿದ್ದ. ಕಾದಂಬರಿಯಂತೂ ಕೂಡದೇ ಕೂಡದು.

“ಓದದನ ಹೆಂಗ ಕೆಟ್ಟದ್ದು ಅಂತೀ?” ಎಂದು ಮಾಸ್ತರರು ಕೆಣಕಿದರೆ, “ಮೊದಲಿನ ಹತ್ತು ಪಾನ, ಕಡೀ ಎರಡು ಪಾನ ಓದತೇನ್ರಿ. ನಡುವಿಂದು ನಿಮ್ಮ ಮನ್ಯಾಗ ಬಾಯಾರು ಹೇಳ್ತಾರ,” ಎನ್ನುವನು. ಮಾಸ್ತರರ ಹೆಂಡತಿ ಅಂಬಾಬಾಯಿ ಒಲೆಯ ಮುಂದೆಯೂ ಕಾದಂಬರಿ ಬಿಡದವಳು. ಅವಳೆದುರಿಗೇ ಯೋನಪ್ಪ ಹೇಳುವನು: “ಎಲ್ಲೂ ಇಲ್ಲದ ಹೆಣ್ಣಿನ ಸಲುವಾಗಿ ಕಣ್ಣೀರೆಲ್ಲಾ ಖರ್ಚು ಮಾಡಿದ್ರ, ಬಾಜೂ ಮನಿ ಮುದಿಕಿ ಸತ್ತಾಗ ಏನು ಉಳೀತೈತ್ರಿ?”

“ನನಗ ಎರಡಕ್ಕೂ ಸಾಲೂವಷ್ಟು ಅದ. ನೀವು ಕಾಳಜಿ ಮಾಡಬ್ಯಾಡ್ರಿ,” ಎಂದು ಅವಳು ಚಹಾ ಇಡುವಳು.

ಮೂವತ್ತನೆಯ ಇಸವಿಯಲ್ಲಿ ಬೀದಿಬೀದಿಗೆ ಸ್ವರಾಜ್ಯದ ಮೆರವಣಿಗೆ ಹೊರಟಾಗ ಅವನು ಜೈ ಅನ್ನದೆ ಬದಿಗೆ ಸರಿದು ನಿಂತ. ಖಾದಿಯ ಟೊಪ್ಪಿಗೆಯ ದತ್ತು ಎಂಬ ತರುಣ, “ಏ ಯೋನಪ್ಪ, ಸರಕಾರದ ಅಳಿಯಾ, ಬಾಯಿಗೆ ಕೀಲಿ ಬಿದ್ದೈತೇನು?” ಎಂದು ಕೂಗಿದ. “ಸರಕಾರಕ್ಕೂ ಜೈ ಅಂದಿಲ್ಲಪಾ,” ಎಂದ ಯೋನಪ್ಪ. “ಕಲೆಕ್ಟರ ಸಾಹೇಬರು ಬಂದಾಗ ಹಿಂಗ ನಿಂತದ್ದಕ್ಕ ಫೌಜದಾರನ ಕಡಿಂದ ಬೈಸಿಕೊಂಡೇನಿ. ರಾಜನ ಸಲುವಾಗಿನೂ ದೇವರ ಕಡೆ ಬೇಡಿಕೋತೇನಿ, ನಿಮ್ಮ ಸಲುವಾಗಿನೂ ಬೇಡಿಕೋತೇನಿ. ಜೈ ಅನ್ನೂ ಮಾತು ಮಾತ್ರ ಆ ಒಬ್ಬಾತಗ ಇಟ್ಟೇನಿ.”

ಈ ಎಲ್ಲ ವಿಚಾರಗಳನ್ನು ಅವನು ಐದು ವರ್ಷ ಕೆಂಪು ಪೆನ್ಸಿಲಿನಲ್ಲಿ ಬರೆದು ಒಂದು ಕಿರುಹೊತ್ತಗೆ ಮಾಡಿದ್ದ: ‘ಮನೆಯೊಳಗೆ ಬರುವ ಪುಸ್ತಕ’. ಜೀವಮಾನವೆಲ್ಲ ಬೇರೆಯವರ ಪುಸ್ತಕ ಹೊತ್ತ ತಲೆಗೆ ತನ್ನದೊಂದನ್ನು ಹೊರುವ ಆಸೆ. ಆದರೆ ಪೆಟ್ಟಿಗೆಯೊಳಗೆ ಏನು ಹೋಗಬೇಕೆಂಬುದನ್ನು ಗೊತ್ತುಮಾಡುವವರು ಅವನ ಸಭೆಯ ಹಿರಿಯರು. ನಾಲ್ಕನೆಯ ಇಯತ್ತೆ ಓದಿದ ಹೊರೆಗಾರನಿಗೆ ಬೋಧನೆಯ ಉಸಾಬರಿ ಏಕೆ ಎಂದು ಅವರಿಗೆ ಮೊದಲೇ ಅನುಮಾನ. ನಂಬಿಕೆಗೆ ವಿರುದ್ಧವಾದ ಒಂದು ಮಾತು ಸಿಕ್ಕರೂ ಪ್ರತಿಗಳೆಲ್ಲ ಬಚ್ಚಲ ಒಲೆಗೆ ಎಂದು ಹೇಳಿಯೇ ಅಪ್ಪಣೆ ಕೊಟ್ಟಿದ್ದರು.

ಮರುವರ್ಷದ ಮೇ ತಿಂಗಳಲ್ಲಿ ಹುಬ್ಬಳ್ಳಿಯ ಒಂದು ಅಚ್ಚುಕೂಟದಲ್ಲಿ ಅಲ್ಲಾವುದ್ದೀನನೆಂಬವನು ಅಚ್ಚಿನ ಮೊಳೆ ಜೋಡಿಸಿದ. ಕಡೆಯ ಕರಡು ಬಂದಾಗ ಯೋನಪ್ಪ ಸವದತ್ತಿಯ ಕಡೆಗೆ ಪುಸ್ತಕ ಮಾರಲು ಹೋಗಿದ್ದರಿಂದ ಅದನ್ನು ತಿದ್ದುವ ಭಾರ ಏಕನಾಥ ಮಾಸ್ತರರ ಮೇಲೆ ಬಿತ್ತು. ಅವರು ಪ್ರೀತಿಯಿಂದಲೇ ತಿದ್ದಿದರು. ಅಲ್ಪಪ್ರಾಣ, ಮಹಾಪ್ರಾಣ, ಅಲ್ಪವಿರಾಮ. ಇಪ್ಪತ್ತು ವರ್ಷ ಕೆಂಪು ಶಾಯಿಯಲ್ಲಿ ಪಳಗಿದ ಕೈ ‘ದೇವರು’ ಎಂಬ ಶಬ್ದ ಬಂದಲ್ಲೆಲ್ಲ, ಮನಸ್ಸನ್ನು ಕೇಳದೆಯೇ, ವಾಕ್ಯದ ತುದಿಯ ‘ನು’ವನ್ನು ‘ರು’ ಮಾಡಿತು. ಇಪ್ಪತ್ತಮೂರು ಕಡೆ. ಮುನ್ನೂರು ಪ್ರತಿ ಅಚ್ಚಾಗಿಹೋದವು.

ಬುಧವಾರ ಯೋನಪ್ಪ ಪ್ರತಿಗಳ ಗಂಟು ತಂದು ಕಟ್ಟೆಯ ಮೇಲೆ ಇಟ್ಟ. ದನಿ ಏರಿಸಲಿಲ್ಲ. “ಮಾಸ್ತರ, ನಿಮ್ಮ ಕೈಯಾಗ ದೇವರು ಭಾಳ ಮಂದಿ ಆಗ್ಯಾರ್ರಿ. ಐತವಾರ ಹಿರ್‍ಯಾರು ಪುಸ್ತಕ ನೋಡಾಕ ಕುಂಡ್ರತಾರ.”

ಮಾಸ್ತರರ ಮುಖ ಸಣ್ಣದಾಯಿತು. ಆದರೂ ವ್ಯಾಕರಣ ಬಿಡಲಿಲ್ಲ. “ತಪ್ಪಾತು, ಖರೇ. ಆದರ ಕನ್ನಡ ಮಾತಾಡೋ ಯಾವ ಮನಿಯೊಳಗ ದೇವರಿಗೆ ‘ನು’ ಹಚ್ಚತಾರ, ಹೇಳು ನೋಡೋಣ?”

ಅಷ್ಟರಲ್ಲಿ ಅಂಬಾಬಾಯಿ ನೀರಿನ ತಂಬಿಗೆ ಹಿಡಿದು ಹೊರಬಂದಳು. “ಚಿಂತಿ ಮಾಡಬ್ಯಾಡ್ರಿ, ಯೋನಪ್ಪನವರ. ದೇವರು ಏನರೆ ದಾರಿ ತೋರಸ್ತಾನ.”

ಮಾಸ್ತರರು ತಟ್ಟನೆ ಅವಳ ಕಡೆಗೆ ತಿರುಗಿದರು.

“ಏನಂದಿ?” ಎಂದರು ಮಾಸ್ತರರು.

“ದೇವರು ದಾರಿ ತೋರಸ್ತಾನ ಅಂದೆ. ಯಾಕ, ತೋರಸೂದಿಲ್ಲೇನು?”

ಮಾಸ್ತರರು ಮುಗಿಲ ಕಡೆಗೆ ನೋಡಿದರು. ಅದೇ ಮುಂಜಾನೆ ಅಂಗಳದಲ್ಲಿ ನಿಂತು, ‘ದೇವರು ಯಾವಾಗ ಮಳಿ ಕೊಡತಾನೋ’ ಎಂದಿದ್ದವರು ತಾವೇ. ಅವರ ತಾಯಿ ಹಾಗೆಯೇ ಅನ್ನುತ್ತಿದ್ದಳು, ಅಜ್ಜಿಯೂ. ಹುಟ್ಟಿದಂದಿನಿಂದ ಆಡಿದ ಮಾತಿಗೆ ತಾವು ಇಷ್ಟು ವರ್ಷ ತಪ್ಪು ಹಾಕಿದ್ದರು. ಯೋನಪ್ಪ ಭುಜ ಕುಣಿಸಿ ನಗತೊಡಗಿದ. ಮಾಸ್ತರರು ಒಳಗೆ ಹೋಗಿ ಬ್ಲೇಡು, ಮಸಿಕುಡಿಕೆ, ಮೂರು ಟಾಕು ತಂದರು.

ನಾಲ್ಕು ದಿನ ಪಡಸಾಲೆಯಲ್ಲಿ ಅದೇ ಕೆಲಸ: ‘ರು’ವನ್ನು ಮೆಲ್ಲಗೆ ಕೆರೆಯುವುದು, ‘ನು’ ಬರೆಯುವುದು. ಶನಿವಾರ ಅಲ್ಲಾವುದ್ದೀನನೂ ಬಂದು ಕೈಜೋಡಿಸಿದ. ಹದಿನಾಲ್ಕನೆಯ ಪುಟಕ್ಕೆ ಬಂದಾಗ ಅಂಬಾಬಾಯಿ, “ಕಾದಂಬರಿ ಓದೋ ಹೆಂಗಸಿನ ಮನ್ಯಾಗ ಸಾರು ಉಕ್ಕತದ ಅಂತ ಬರದೀರಿ. ನನ್ನ ಹೆಸರೂ ಹಾಕಬೇಕಾಗಿತ್ತಲ್ಲ?” ಎಂದಳು. “ಹಾಕಾಂವ ಇದ್ದೆರಿ, ಸಾರು ಛಲೋ ಇತ್ತಂತ ಬಿಟ್ಟೆ,” ಎಂದ ಯೋನಪ್ಪ. ಆ ಸಾಲನ್ನು ಮಾತ್ರ ಅವನು ತೆಗೆಯಲಿಲ್ಲ.

ಸೋಮವಾರ ಅವನು ಬಂದಾಗ ಪೆಟ್ಟಿಗೆಯ ಮೇಲುಸಾಲಿನಲ್ಲಿ ಅವನದೇ ಹೊತ್ತಗೆಗಳಿದ್ದವು.

“ಕೆರದ ಗುರುತು ಕಂಡು ಹಿರಿಯರು ಏನೂ ಕೇಳಲಿಲ್ಲೇನು?” ಎಂದರು ಮಾಸ್ತರರು.

“ಕೇಳಿದ್ರಿ. ಕಡೀ ಕರಡು ನಾನು ನೋಡಲಿಲ್ಲ, ನನ್ನ ತಪ್ಪು ಅಂದೆ. ಎದ್ದು ನಿಂತು ಎಲ್ಲಾರ ಮುಂದ ಕ್ಷಮಾ ಬೇಡಂದ್ರು, ಬೇಡಿದೆ.”

“ನನ್ನ ಹೆಸರು ಹೇಳಬೇಕಾಗಿತ್ತಲ್ಲ?”

“ಅದನ್ನ ಅವರು ಕೇಳಲಿಲ್ರಿ.”

ಮಾಸ್ತರರು ಕಟ್ಟೆಯ ಮೇಲೆ ಸರಿದು ಜಾಗ ಮಾಡಿದರು. ಆಮೇಲೆ, “ಕೂಡ್ರಿ, ಯೋನಪ್ಪನವರ,” ಎಂದರು. ಯೋನಪ್ಪ ಹಿಂದೆ ತಿರುಗಿ ಬೇರೆ ಯಾರಾದರೂ ಬಂದಿರುವರೇ ಎಂದು ನೋಡಿದ. ಯಾರೂ ಇರಲಿಲ್ಲ. “ನನಗ ಬಹುವಚನ ಹಚ್ಚಿದ್ರ ಹಚ್ಚ್ರಿ. ಅಲ್ಲಿ ಮಾತ್ರ ಬ್ಯಾಡ,” ಎಂದು ಕುಳಿತ.

ಈಗ ೧೯೪೬. ಯೋನಪ್ಪನವರಿಗೆ ಎಪ್ಪತ್ತು ದಾಟಿದೆ. ಕಣ್ಣಿಗೆ ಪೊರೆ ಬಂದು ಪೆಟ್ಟಿಗೆ ಮೂಲೆ ಸೇರಿದೆ. ನಿವೃತ್ತರಾದ ಮಾಸ್ತರರು ಗುರುವಾರಕ್ಕೊಮ್ಮೆ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ ಅವರಿಗೆ ವರ್ತಮಾನಪತ್ರ ಓದಿ ಹೇಳುತ್ತಾರೆ. ಹೊತ್ತಗೆಯ ಎರಡನೆಯ ಮುದ್ರಣ ಸಿದ್ಧವಾಗುತ್ತಿದೆ. ಯೋನಪ್ಪನವರು ಹೇಳುವುದು, ಮಾಸ್ತರರು ಬರೆದುಕೊಳ್ಳುವುದು. ಸದ್ಯಕ್ಕೆ ರೇಡಿಯೋದ ಅಧ್ಯಾಯದಲ್ಲಿ ಕೆಲಸ ನಿಂತಿದೆ. ಅದು ಮನೆಯೊಳಗೆ ಬರಬಹುದೋ ಬಾರದೋ ಎಂದು ಗೊತ್ತುಮಾಡುವ ಮೊದಲು ಮೂರು ವಾರದಿಂದ ಅವರು ಎದುರುಮನೆಯ ಕಿಟಕಿಗೆ ಕಿವಿಗೊಟ್ಟು ಕುಳಿತಿದ್ದಾರೆ. “ಇನ್ನೊಂದು ಗುರುವಾರ ಕೇಳೋಣ್ರಿ,” ಎನ್ನುತ್ತಾರೆ. ಮಾಸ್ತರರು, ‘ದೇವರು ಕಿವಿಯನ್ನೂ ಕೊಟ್ಟನು’ ಎಂಬಲ್ಲಿಗೆ ಬರೆದು ಟಾಕು ಒರೆಸಿಕೊಂಡು ಕಾಯುತ್ತಾರೆ.