ರಸ್ತೆಯ ತಿರುವಿನಲ್ಲಿ ಕಟ್ಟಿದ ಮನೆ

ಹುಬ್ಬಳ್ಳಿಯ ಕಾಲೇಜೊಂದರಲ್ಲಿ ನನಗೆ ಫಿಸಿಯೋಥೆರಪಿ ಸೀಟು ಸಿಕ್ಕಿತ್ತು. ಒಂದು ವಾರದೊಳಗೆ ಫೀ ಕಟ್ಟದಿದ್ದರೆ ಅದು ಬೇರೆಯವರ ಪಾಲು. ಮೊಬೈಲಿನಲ್ಲಿ ಸಾಲದ ವಿಡಿಯೋ ನೋಡಿ ನೋಡಿ ಅರ್ಧ ಬ್ಯಾಂಕ್ ಮ್ಯಾನೇಜರಾಗಿದ್ದ ನಾನು, ಸರ್ಕಾರಿ ಬ್ಯಾಂಕು ಬೇಡ, ಅಲೆದಾಡಿಸುತ್ತಾರೆ, ಖಾಸಗಿ ಕಂಪನಿಯೇ ಸರಿ ಎಂದು ತೀರ್ಮಾನಿಸಿಬಿಟ್ಟೆ. ಅವರ ಬಡ್ಡಿ ಜಾಸ್ತಿ, ಕಂತು ಮುಂದಿನ ತಿಂಗಳೇ ಶುರು. ವಿಡಿಯೋದಲ್ಲಿ ಆ ಮಾತು ಬಂದಾಗಲೆಲ್ಲ ಬೆರಳಿನಿಂದ ಮುಂದಕ್ಕೆ ತಳ್ಳುತ್ತಿದ್ದೆ.

ಗಣೇಶಗುಡಿಯ ಹೋಂಸ್ಟೇಯಲ್ಲಿ ಅಡುಗೆ ಮಾಡುವ ಅವ್ವನೇ ಜಾಮೀನು. ಅವಳು ತನ್ನ ಮನೆಯೊಳಗೆ ಕೂತೇ ವಿಡಿಯೋ ಕಾಲ್‌ನಲ್ಲಿ ಮಾತಾಡಬೇಕೆಂಬುದು ಕಂಪನಿಯ ಷರತ್ತು. ನಮ್ಮ ಮನೆಯಲ್ಲೋ ನೆಟ್‌ವರ್ಕ್ ಇಲ್ಲ. ಊರಿಗೆಲ್ಲ ಅದು ಸಿಗುವುದು ರಸ್ತೆಯ ಒಂದು ತಿರುವಿನಲ್ಲಿ ಮಾತ್ರ. ಮದುವೆಯ ಮಾತುಕತೆ, ಗೋವಾದ ಬೀಗರ ಜೊತೆ ಜಗಳ, ನನ್ನ ಸಾಲದ ವಿಡಿಯೋ, ಎಲ್ಲ ಅಲ್ಲೇ ನಿಂತು. ಹಾಗಾಗಿ ನಾವು ಮನೆಯನ್ನೇ ಅಲ್ಲಿಗೆ ಒಯ್ದೆವು. ಎರಡು ಮರಗಳ ನಡುವೆ ಗೋಡೆಯಂತೆ ಚಾದರ ಕಟ್ಟಿ, ಕ್ಯಾಲೆಂಡರ್ ಸಿಕ್ಕಿಸಿ, ಮುಂದೆ ಕುರ್ಚಿ ಹಾಕಿದೆ.

“ಏ ಹುಡುಗಿ, ಗ್ವಾಡಿ ಗಾಳಿಗೆ ಹಾರಾಕತ್ತೇತಿ,” ಎಂದಳು ಅವ್ವ.

“ಸುಮ್ನ ಕುಂದ್ರಬೇ, ಕಾಲ್ ಬಂತು!”

ಕಂಪನಿಯ ಹುಡುಗ ಬೆಂಗಳೂರಿನವನಿರಬೇಕು. “ಮೇಡಂ, ಹಿಂದೆ ಯಾರೋ ಕೂಗ್ತಿದ್ದಾರಲ್ಲ?”

ಚಾದರದ ಆಚೆ ಊರಿನ ಹಿರಿಯರೊಬ್ಬರು ಬೀಗರಿಗೆ ಕೊಂಕಣಿಯಲ್ಲಿ ಬೈಯುತ್ತಿದ್ದರು.

“ನಮ್ಮ ಮಾವ್ನೋರ್ರಿ,” ಎಂದಳು ಅವ್ವ, ಸೆರಗು ಸರಿಮಾಡಿಕೊಂಡು. “ಪೂಜಿಗೆ ಕುಂತಾರ್ರಿ.”

ನನಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಜೊಯಿಡಾ ಪೇಟೆಗೆ ಹೋಗುವ ಬಸ್ಸು ಬಂದು ನಮ್ಮ ‘ಮನೆ’ಯ ಮುಂದೆಯೇ ನಿಂತಿತು. ಇಲ್ಲಿ ಬಸ್ಸು ಅಪರೂಪ, ರಸ್ತೆ ಬದಿಯಲ್ಲಿ ಯಾರು ಕಂಡರೂ ನಿಲ್ಲಿಸುತ್ತಾರೆ. ಕಂಡಕ್ಟರ್ ಬಾಗಿಲಲ್ಲೇ ಬಗ್ಗಿ ಕೇಳಿದ: “ಅಕ್ಕಾರ, ಬರ್ತೀರೇನ್ರಿ? ಕುರ್ಚಿಗೆ ಟಿಕೆಟ್ ಬ್ಯಾಡ್ರಿ!”

ಫೋನಿನೊಳಗಿನ ಹುಡುಗ ಕಣ್ಣರಳಿಸಿದ. “ಮೇಡಂ, ನಿಮ್ಮ ಮನೆಯೊಳಗೆ ಬಸ್ ಬರುತ್ತಾ?”

“ದಿನಾ ಬರ್ತೈತ್ರಿ. ಇವತ್ತ ಜರಾ ಲೇಟ್.”

ಅವನು ಬಿದ್ದು ಬಿದ್ದು ನಕ್ಕ. ಆಮೇಲೆ ಅರ್ಜಿ ರದ್ದು ಮಾಡಿದ. ನಗುತ್ತಿದ್ದವಳು ಅಳತೊಡಗಿದೆ. ಸೀಟು ಹೋಯಿತು ಅಂದುಕೊಂಡೆ.

“ಅಳೂದು ಆಮ್ಯಾಲೆ. ಬಸ್ ನಿಂತೈತಿ, ಬ್ಯಾಂಕಿಗೆ ಹೋಗೂಣು ನಡಿ,” ಎಂದಳು ಅವ್ವ. ಚಾದರ ಬಿಚ್ಚುವುದಕ್ಕೂ ಬಿಡದೆ ಕುರ್ಚಿ ಎತ್ತಿಕೊಂಡು ಹತ್ತಿದಳು. ಹೊಸ ಕುರ್ಚಿ, ರಸ್ತೆಯಲ್ಲಿ ಹೇಗೆ ಬಿಡುವುದು?

ಜೊಯಿಡಾದ ಸರ್ಕಾರಿ ಬ್ಯಾಂಕಿನ ಮೇಡಂ ನಮ್ಮನ್ನು ನೋಡಿ, “ಕುರ್ಚಿ ನಮ್ಮಲ್ಲೂ ಅದಾವ್ರಿ,” ಎಂದರು. ಓದು ಮುಗಿದ ಮೇಲೆ ಕಂತು ಎಂದು ವಿವರಿಸಿ, ಅರ್ಜಿ ತೆಗೆದುಕೊಂಡು, ಸಾಲದ ಕೆಲಸ ನಡೆದಿದೆ ಎಂದು ಕಾಲೇಜಿಗೆ ಪತ್ರ ಬರೆದುಕೊಟ್ಟರು. ಕಾಲೇಜಿನವರು ಗೊಣಗುತ್ತಲೇ ಸೀಟು ಉಳಿಸಿದರು. ಸಾಲ ಬರುವವರೆಗೆ ನಾನು ಜೊಯಿಡಾಕ್ಕೆ ಅಲೆದದ್ದೂ ನಿಜವೇ.

ಕಂಪನಿಯ ಮೆಸೇಜು ಈಗಲೂ ಬರುತ್ತದೆ: ನಿಮ್ಮ ಸಾಲ ತಯಾರಿದೆ. ರಜೆಗೆ ಬಂದಾಗ ಓದಿ ಹೇಳಿದರೆ ಅವ್ವ ಒಲೆ ಮುಂದಿನಿಂದಲೇ ಅನ್ನುತ್ತಾಳೆ, “ರೊಕ್ಕ ಬ್ಯಾಡ, ಚಾ ಕುಡ್ಯಾಕ ಬರ್ರಿ ಅಂತ ಬರಿ. ಪಾಪ, ಆ ಹುಡುಗ ನಮ್ಮ ಮನಿ ನೋಡೇ ಇಲ್ಲ.”